ಕಲ್ಲಿನ ಲೆಕ್ಕ, ಮೀಟರಿನ ಲೆಕ್ಕ

ನಮ್ಮೂರಿನಿಂದ ದೊಡ್ಡಾಸ್ಪತ್ರೆ ಇರುವ ಪೇಟೆಗೆ ಹದಿನೆಂಟು ಕಲ್ಲಿನ ದಾರಿ. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ಸಂಖ್ಯೆ ಯಾವತ್ತೂ ಬದಲಾಗುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ಇರುವ ದೂರ ಮಾತ್ರ ದಿನಕ್ಕೊಂದು. ಕೆಲವು ದಿನ ಒಟ್ಟು ಇಪ್ಪತ್ತು ಕಿಲೋಮೀಟರ್, ಕೆಲವು ದಿನ ನಲವತ್ತು, ಮಳೆಗಾಲ ಕಳೆದ ಹೊಸದರಲ್ಲಿ ಎಂಬತ್ತು ದಾಟುವುದೂ ಉಂಟು. ಬೆಳಗಿನ ಹಾಲಿನ ವ್ಯಾನು ಪೇಟೆ ಕಡೆಯಿಂದ ಬಂದ ಕೂಡಲೇ ಅದರ ಡ್ರೈವರ್ ಆ ದಿನದ ಅಂಕಿಯನ್ನು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ರೇವಣಸಿದ್ದಯ್ಯನವರಿಗೆ ಹೇಳುತ್ತಾನೆ. ಅವರು ಅದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹಲಗೆ ಎಷ್ಟು ಹೊತ್ತು ಖಾಲಿ ಇರುತ್ತದೆಯೋ ದಾರಿ ಅಷ್ಟು ಉದ್ದ. ಅರವತ್ತು ದಾಟಿದರೆ ಬಸ್ಸು ಹೊರಡುವುದಿಲ್ಲ. ಮದುವೆ ದಿಬ್ಬಣದವರು ಒಂದು ದಿನ ಮುಂಚೆಯೇ ಬಂದು ಛತ್ರದಲ್ಲಿ ಮಲಗುತ್ತಾರೆ. ಶಾಲೆಯಲ್ಲಿ 'ದಾರಿ ಉದ್ದವಾಗಿತ್ತು' ಎಂದು ಬರೆದ ರಜಾಚೀಟಿಗೆ ಹೆಡ್‌ಮಾಸ್ತರರು ಮಾತಿಲ್ಲದೆ ಸಹಿ ಹಾಕುತ್ತಾರೆ.

ಆದರೆ ಸರ್ಕಾರದ ಕಾಗದದಲ್ಲಿ ಹದಿನೆಂಟು ಅಂದರೆ ಹದಿನೆಂಟೇ. ನಾವೂ ಹಾಗೆಯೇ ಎಣಿಸುತ್ತ ಬಂದವರು. ಅದಕ್ಕಿಂತ ಹೆಚ್ಚು ಓಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಡಿ ಮಾರುವಾಗಲೂ 'ಮೀಟರ್ ನೋಡಬೇಡಿ, ಕಲ್ಲಿನ ಲೆಕ್ಕದಲ್ಲಿ ಇಷ್ಟು' ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಅದು ಮೋಸ ಎಂದು ಯಾರಿಗೂ ಅನಿಸಿದ್ದಿಲ್ಲ, ನನಗೂ ಅನಿಸಿರಲಿಲ್ಲ.

ನನ್ನ ಹೆಸರು ಚೆನ್ನಾಜಮ್ಮ. ನನ್ನ ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಾರೆ, ನಾನು ಬಾಡಿಗೆ ಕಾರು ಓಡಿಸುತ್ತೇನೆ. ಐದು ವರ್ಷದಿಂದ ಒಂದೇ ಕಾರು, ಬಿಳಿಯದು. ಮಂಗಳವಾರ ಮತ್ತು ಶುಕ್ರವಾರ ಬೇರೆ ಯಾರ ಬಾಡಿಗೆಯನ್ನೂ ಒಪ್ಪುವುದಿಲ್ಲ. ಆ ಎರಡು ದಿನ ಟೈಲರ್ ಹಲೀಮಾಳನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ನಲವತ್ತು ದಾಟಿಲ್ಲ, ಕಿಡ್ನಿ ಎರಡೂ ಹೋಗಿವೆ. ಬಸ್ಸನ್ನು ನಂಬಿದರೆ ಆಗುವುದಿಲ್ಲ. ಅರವತ್ತು ದಾಟಿದ ದಿನ ಅವಳ ರಕ್ತ ಕಾಯುವುದಿಲ್ಲ. ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕೂತು, ದಾರಿಯುದ್ದಕ್ಕೂ ಊರವರ ರವಿಕೆಗಳಿಗೆ ಹುಕ್ಕು ಹೊಲಿಯುತ್ತ ಮಾತಾಡುತ್ತಲೇ ಇರುತ್ತಾಳೆ. ಅವಳು ಮಾತು ನಿಲ್ಲಿಸಿದಳೆಂದರೆ ನಾನು ಕನ್ನಡಿಯಲ್ಲಿ ನೋಡುತ್ತೇನೆ.

ಒಂದು ಶನಿವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಮುಂದಿನಿಂದ ಕೀ ಎಂಬ ಸದ್ದು ಬಂತು. ಮೊದಲಾಗಿದ್ದರೆ ನೇರವಾಗಿ ಮೈಕಲಪ್ಪನವರ ಶೆಡ್ಡಿಗೆ ಹೋಗುತ್ತಿದ್ದೆ. ಮೂವತ್ತು ವರ್ಷ ಊರಿನ ಗಾಡಿಗಳನ್ನೆಲ್ಲ ನೋಡಿಕೊಂಡವರು ಅವರು. ಕಣ್ಣು ಮಂಜಾದ ಮೇಲೆ ಶೆಡ್ಡು ಮುಚ್ಚಿ ಮನೆಯಲ್ಲಿ ಕೂತಿದ್ದರು. ಈಗ ಊರಾಚೆ ಹೊಸ ವರ್ಕ್‌ಶಾಪು ಬಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಪರಶುರಾಮ ಎಂಬ ಮೂವತ್ತೆರಡು ಮೂವತ್ತಮೂರರ ಹೊರಗಿನ ಹುಡುಗ. ನಮ್ಮೂರಿಗೆ ಬಂದು ನಾಲ್ಕು ತಿಂಗಳಾಗಿತ್ತು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದ. ಬಂದ ದಿನ ಬಿಟ್ಟರೆ ಪೇಟೆಯ ದಾರಿ ತುಳಿದವನಲ್ಲ, ಆ ದಿನ ಹಲಗೆಯಲ್ಲಿ ಹತ್ತೊಂಬತ್ತು ಇತ್ತಂತೆ.

ಅವನು ಕಾರಿನ ಬಾನೆಟ್ ಎತ್ತಿ ನೋಡಿದ, ಮೀಟರ್ ನೋಡಿದ, ಒಳಗೆ ಹೋಗಿ ಕಂಪ್ಯೂಟರಿನಿಂದ ಒಂದು ಪಟ್ಟಿ ತೆಗೆದುಕೊಂಡು ಬಂದ. ಒಂಬತ್ತು ಐಟಂ ಇದ್ದವು.

"ಮೇಡಂ, ಕೂಗ್ತಿರೋದು ಫ್ಯಾನ್ ಬೆಲ್ಟು. ಅದನ್ನ ಈಗಲೇ ಹಾಕ್ತೀವಿ. ಜೊತೆಗೆ ಇಂಜಿನ್ ಆಯಿಲ್, ಏರ್ ಫಿಲ್ಟರ್, ಮುಂದಿನ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಏಸಿ ಟ್ರೀಟ್‌ಮೆಂಟ್, ಮತ್ತೆ ಟೈಮಿಂಗ್ ಬೆಲ್ಟು."

"ನಾನು ಬಂದಿದ್ದು ಒಂದು ಸದ್ದಿಗೆ ಕಣಪ್ಪ. ಎಲ್ಲಾನೂ ತೋರ್ಸು, ನೋಡ್ತೀನಿ," ಅಂದೆ.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ. ಆಚೆಯ ಬೆಳಕು ಈಚೆಗೆ ಬರುತ್ತಲೇ ಇರಲಿಲ್ಲ. ಸರಿ, ಬದಲಿಸು ಅಂದೆ. ಆಯಿಲ್ ಕಡ್ಡಿ ಒರೆಸಿ ತೋರಿಸಿದ, ಕರೀ ಕಾಡಿಗೆ. ಅದೂ ಸರಿ. ಬ್ರೇಕ್ ಆಯಿಲ್ ಬದಲಿಸಿ ಮೂರು ವರ್ಷವಾಗಿದೆಯೆಂದು ನನಗೇ ನೆನಪಿತ್ತು. ಆಮೇಲೆ ಮುಂದಿನ ಚಕ್ರ ಬಿಚ್ಚಿಸಿದೆ. ಬ್ರೇಕ್ ಪ್ಯಾಡು ನನ್ನ ಕಿರುಬೆರಳಿನ ದಪ್ಪ ಇತ್ತು.

"ಇದನ್ನ ಯಾಕಪ್ಪ ಬದಲಾಯಿಸ್ಬೇಕು?"

ಅವನು ಬಗ್ಗಿ ನೋಡಿದ. ಕಿವಿ ಕೆಂಪಾಯಿತು. "ಇಲ್ಲ ಮೇಡಂ, ಇದು ಬೇಡ. ಇನ್ನೂ ಬೇಕಾದಷ್ಟಿದೆ."

"ಮತ್ತೆ ಬರೆದಿದ್ದೀಯಲ್ಲ?"

"ಪಟ್ಟಿ ನಾನು ಬರೆಯಲ್ಲ ಮೇಡಂ. ಮೀಟರ್ ರೀಡಿಂಗ್ ಹಾಕಿದ್ರೆ ಕಂಪ್ಯೂಟರೇ ಕೊಡುತ್ತೆ. ತೊಂಬತ್ತೇಳು ಸಾವಿರ ಆಗಿದೆ ನೋಡಿ."

ನನಗೆ ನಗು ಬಂತು. "ಈ ಊರಲ್ಲಿ ಮೀಟರ್ ನೋಡಿ ಔಷಧಿ ಕೊಡ್ತೀಯಾ? ನನ್ನ ಗಾಡಿ ಕಲ್ಲಿನ ಲೆಕ್ಕದಲ್ಲಿ ಓಡಿರೋದು ನಲವತ್ತೈದು ಸಾವಿರ. ಆ ಫ್ಲಶ್ ಮಾಡಿಸ್ದೆ ಇದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಮಾಡಿಸಿದ್ರೆ ಸ್ವಲ್ಪ ಸ್ಮೂತ್ ಅನ್ಸುತ್ತೆ."

"ಇಂಜೆಕ್ಟರು? ಏಸಿ?"

"ಅವೂ ಹಾಗೇ." ಅವನು ಪೆನ್ನಿನಿಂದ ನಾಲ್ಕು ಸಾಲು ಹೊಡೆದು ಹಾಕಿದ. ಕೊನೆಯ ಸಾಲಿನ ಮೇಲೆ ಪೆನ್ನು ನಿಲ್ಲಿಸಿ ತಲೆ ಎತ್ತಿದ. "ಟೈಮಿಂಗ್ ಬೆಲ್ಟ್ ಮಾತ್ರ ಬಿಡಬೇಡಿ ಮೇಡಂ. ಕಂಪನಿ ಪುಸ್ತಕದಲ್ಲಿ ತೊಂಬತ್ತು ಸಾವಿರ ಅಂತಿದೆ. ಅದು ತುಂಡಾದ್ರೆ ಇಂಜಿನ್ನೇ ಹೋಗುತ್ತೆ."

"ತೋರ್ಸು."

"ಅದನ್ನ ತೋರಿಸಕ್ಕಾಗಲ್ಲ. ಕವರ್ ಒಳಗಿದೆ. ಬಿಚ್ಚಿದ್ರೆ ಇಡೀ ದಿನದ ಕೆಲಸ."

ತೋರಿಸಲಾಗದ್ದನ್ನು ನಂಬು ಎಂದು ಹೇಳುತ್ತಿದ್ದವನು, ತೋರಿಸಬಹುದಾದ ಬ್ರೇಕ್ ಪ್ಯಾಡಿನ ವಿಷಯದಲ್ಲಿ ಈಗಷ್ಟೇ ಸಿಕ್ಕಿಬಿದ್ದಿದ್ದ. ಬೇಡ ಅಂದೆ. ಫ್ಯಾನ್ ಬೆಲ್ಟು, ಎರಡೂ ಆಯಿಲ್ಲು, ಫಿಲ್ಟರು, ಇಷ್ಟು ಮಾಡಿಸಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ವಿಷಯ ಹೇಳಿದಾಗ ಎಲ್ಲರೂ ನನ್ನ ಕಡೆಯೇ. "ಹೊರಗಿನೋನು, ಮೀಟರ್ ತೋರ್ಸಿ ಸುಲೀತಾನೆ," ಎಂದರು ರೇವಣಸಿದ್ದಯ್ಯನವರು. ಹಗುರಾಗಿ ಮನೆಗೆ ಹೋದೆ.

ಮಂಗಳವಾರ ಹಲಗೆಯಲ್ಲಿ ಮೂವತ್ತನಾಲ್ಕು. ಹಲೀಮಾಳಿಗೂ ಈ ಕತೆಯನ್ನು ಸ್ವಲ್ಪ ಬಣ್ಣ ಕಟ್ಟಿಯೇ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ದಾರ ಕಚ್ಚಿ ತುಂಡು ಮಾಡಿ, "ನನ್ನನ್ನೂ ಜನ ಹಂಗೇ ಅಂತಾರಕ್ಕ," ಅಂದಳು.

"ನಿನ್ನನ್ನ ಯಾಕೆ?"

"ಕೋಟಿನ ಗುಂಡಿ ಹಾಕಿಸ್ಕೊಂಡು ಹೋಗಕ್ಕೆ ಬರ್ತಾರೆ. ಒಳಗಿನ ಲೈನಿಂಗ್ ಹೋಗಿದೆ, ಅದನ್ನೂ ಬದಲಿಸಿ ಅಂತೀನಿ. ಇವಳು ಕೆಲಸ ಹೆಚ್ಚಿಸ್ಕೊಳ್ಳಕ್ಕೆ ಹೇಳ್ತಾಳೆ ಅಂದ್ಕೋತಾರೆ. ಕೆಲವು ಸಲ ಕೆಲಸ ಬೇಕು ಅಂತಲೇ ಹೇಳಿರ್ತೀನಿ, ಸುಳ್ಳು ಹೇಳಲ್ಲ. ಕೆಲವು ಸಲ ನಿಜವಾಗ್ಲೂ ಹೋಗಿರುತ್ತೆ. ಯಾವುದು ಯಾವಾಗ ಅಂತ ಕೂತು ಕೇಳೋರು ಕಮ್ಮಿ. ಒಂದು ಸಲ ಅನುಮಾನ ಬಂತೋ, ಪೂರ್ತಿ ಅನುಮಾನವೇ."

ಹನ್ನೊಂದನೆಯ ಕಲ್ಲು ದಾಟುವಾಗ ಈ ಮಾತು ಹೇಳಿದಳು. ಅಲ್ಲಿ ಆ ಕಡೆ ಈ ಕಡೆ ಬಯಲು, ಫೋನಿನ ಸಿಗ್ನಲ್ ಇಲ್ಲ. ಇಂಜಿನ್ನಿನ ಸದ್ದನ್ನು ನಾನು ಅಂದಿನಿಂದ ಬೇರೆ ಥರ ಕೇಳತೊಡಗಿದೆ. ಸದ್ದು ಚೆನ್ನಾಗಿಯೇ ಇತ್ತು. ಅದೇ ನನಗೆ ಸಮಾಧಾನ ಕೊಡಲಿಲ್ಲ.

ವಾರ ಕಳೆಯುವುದರೊಳಗೆ ಮೈಕಲಪ್ಪನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಾರಿನ ಸದ್ದಿನಿಂದಲೇ ಗುರುತು ಹಿಡಿದು, "ಬಾ ತಾಯಿ, ಹೊಸ ಫ್ಯಾನ್ ಬೆಲ್ಟ್ ಹಾಕ್ಸಿದ್ದೀಯ," ಅಂದರು. ನಾನು ಪಟ್ಟಿ ಓದಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು, ಇದು ಸರಿ, ಇದು ದಂಡ, ಇದು ದಂಡ.

"ಟೈಮಿಂಗ್ ಬೆಲ್ಟು?"

"ಏನಂದ ಅವನು?"

"ಮೀಟರಲ್ಲಿ ತೊಂಬತ್ತೇಳಾಗಿದೆ, ಬದಲಿಸಿ ಅಂತಾನೆ. ಕಲ್ಲಿನ ಲೆಕ್ಕ ನಲವತ್ತೈದು ಅಂತ ನಾನಂದೆ."

ಮೈಕಲಪ್ಪ ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟರು. "ದಾರಿ ಎಂಬತ್ತಿದ್ದ ದಿನ ನಿನ್ನ ಸೊಂಟ ನೋಯ್ತದಾ ಇಲ್ವಾ?"

"ನೋಯ್ತದೆ."

"ಎಂಬತ್ತರ ನೋವೋ, ಹದಿನೆಂಟರ ನೋವೋ?"

ನಾನು ಜಗಲಿಯ ತುದಿಗೆ ಕೂತೆ.

"ಕಲ್ಲು ಎಣಿಸೋದು ನಾವು. ಚಕ್ರ ಕಲ್ಲು ಎಣಿಸಲ್ಲ. ಮೂವತ್ತು ವರ್ಷ ನಾನೂ ನಿಮ್ಗೆಲ್ಲ ಕಲ್ಲಿನ ಲೆಕ್ಕದಲ್ಲೇ ಹೇಳ್ತಾ ಬಂದೆ. ಜನಕ್ಕೆ ಅದೇ ಇಷ್ಟ ಆಗ್ತಿತ್ತು, ನನ್ನನ್ನ ಒಳ್ಳೇ ಮನುಷ್ಯ ಅಂತಿದ್ರು. ಎರಡು ಗಾಡಿ ಇಂಜಿನ್ ನನ್ನ ಮಾತಿಂದ ಹೋಯ್ತು ಚೆನ್ನಾಜಮ್ಮ. ತಪ್ಪನ್ನ ದಾರಿ ಮೇಲೆ ಹಾಕಿ ತಪ್ಪಿಸ್ಕೊಂಡೆ." ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು. "ನೋಡು, ಗಾಡೀಲಿ ಎರಡು ಥರ ಸಾಮಾನು. ಕೆಲವು ಸಾಯೋ ಮುಂಚೆ ಕೂಗ್ತವೆ. ಬ್ರೇಕ್ ಪ್ಯಾಡು ಕೂಗುತ್ತೆ, ಫ್ಯಾನ್ ಬೆಲ್ಟು ಕೂಗುತ್ತೆ. ಅವನ್ನ ಕೂಗೋ ತನಕ ನೋಡ್ಬಹುದು. ಈ ಬೆಲ್ಟು ಕೂಗಲ್ಲ. ಚೆನ್ನಾಗೇ ಇರ್ತದೆ, ಇರ್ತದೆ, ಆಮೇಲೆ ಇರಲ್ಲ. ಕೂಗದೆ ಇರೋದಕ್ಕೆ ಮಾತ್ರ ಪುಸ್ತಕದ ಮಾತು ಕೇಳ್ಬೇಕು. ಹಿಂದಿನ ಸೀಟಲ್ಲಿ ಯಾರನ್ನ ಕೂರಿಸ್ಕೊಂಡು ಹೋಗ್ತೀಯ ಅಂತ ನೆನೆಸ್ಕೊಂಡು ನೀನೇ ತೀರ್ಮಾನ ಮಾಡು."

ಮುಂದಿನ ಮಂಗಳವಾರ ಹಲೀಮಾಳನ್ನು ಮನೆಗೆ ಬಿಟ್ಟು, ಸಂಜೆ ಕಾರನ್ನು ವರ್ಕ್‌ಶಾಪಿನಲ್ಲಿ ನಿಲ್ಲಿಸಿದೆ. ಪರಶುರಾಮ ಗೆದ್ದೆನೆಂಬ ಮುಖ ಮಾಡಲಿಲ್ಲ, ಅದಕ್ಕೆ ಅವನ ಮೇಲಿನ ಕೋಪ ಸ್ವಲ್ಪ ಇಳಿಯಿತು. ಬೆಲ್ಟು ಪೇಟೆಯಿಂದ ಬುಧವಾರದ ಬಸ್ಸಿಗೆ ಬರುತ್ತದೆ, ಗುರುವಾರ ಸಂಜೆ ಗಾಡಿ ಕೈಗೆ, ಶುಕ್ರವಾರಕ್ಕೆ ಏನೂ ತೊಂದರೆಯಿಲ್ಲ ಅಂದ. ಕೆಲಸ ಬೇಗ ಆಗಲಿ ಎಂದು ಬುಧವಾರ ಬೆಳಿಗ್ಗೆಯೇ ಬಿಚ್ಚಿಟ್ಟುಕೊಳ್ಳಲು ನಾನೇ ಒಪ್ಪಿದೆ.

ಬುಧವಾರದ ಬಸ್ಸಿನಲ್ಲಿ ಪಾರ್ಸೆಲ್ ಬರಲಿಲ್ಲ. ಗುರುವಾರ ಹಲಗೆಯಲ್ಲಿ ಎಪ್ಪತ್ತೊಂದು, ಬಸ್ಸೇ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಹಲಗೆ ಖಾಲಿ. ಏಳಾಯಿತು. ಹಲಗೆ ಖಾಲಿಯೇ. ರೇವಣಸಿದ್ದಯ್ಯನವರು ಸೀಮೆಸುಣ್ಣ ಹಿಡಿದು ನಿಂತಿದ್ದವರು ಮೆಲ್ಲಗೆ ಅದನ್ನು ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ಊರಿನಲ್ಲಿದ್ದ ಇನ್ನೆರಡು ಬಾಡಿಗೆ ಕಾರಿನವರು, ಅಂಕಿ ಬರದೆ ಹೊರಡುವುದಿಲ್ಲವೆಂದು ಕೈಯೆತ್ತಿಬಿಟ್ಟರು. ಹಲೀಮಾಳಿಗೆ ಹನ್ನೊಂದಕ್ಕೆ ಸರದಿ. ಬುಧವಾರದಿಂದಲೇ ಅವಳ ಕಾಲು ಊದಿತ್ತು.

ವರ್ಕ್‌ಶಾಪಿಗೆ ಓಡಿದೆ. ನನ್ನ ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಹಲ್ಲುಜ್ಜುತ್ತಿದ್ದ ಪರಶುರಾಮನ ಮೇಲೆ ಕೂಗಾಡಿದೆ. ಓಡ್ತಿದ್ದ ಗಾಡಿ ಬಿಚ್ಚಿ ಹಾಕಿದೆಯಲ್ಲೋ, ಆ ಹೆಂಗಸಿಗೆ ಏನಾದರೂ ಆದರೆ ನಿನ್ನ ಕಂಪ್ಯೂಟರ್ ಬಂದು ಉತ್ತರ ಹೇಳುತ್ತದಾ ಅಂದೆ. ಅವನು ಬಾಯಿ ಮುಕ್ಕಳಿಸಿ, ಒಳಗೆ ಹೋಗಿ, ತನ್ನ ಸ್ವಂತ ಕಾರಿನ ಕೀ ತಂದ. "ನಡೀರಿ ಮೇಡಂ. ನಾನು ಓಡಿಸ್ತೀನಿ."

"ದಾರಿ ಎಷ್ಟಿದೆ ಅಂತ ಗೊತ್ತಿಲ್ಲ."

"ಹದಿನೆಂಟು ಕಲ್ಲು ಅಲ್ವಾ?" ಅಂದ. ತಮಾಷೆ ಮಾಡಿದನೋ ಧೈರ್ಯ ಹೇಳಿದನೋ ತಿಳಿಯಲಿಲ್ಲ.

ಹಲೀಮಾಳನ್ನು ಮನೆಯಿಂದ ಹತ್ತಿಸಿಕೊಂಡು ನಾಲ್ಕನೆಯ ಕಲ್ಲಿಗೆ ಬರುವ ಹೊತ್ತಿಗೆ ಎಂಟೂಕಾಲು. ಎದುರಿನಿಂದ ಹಾಲಿನ ವ್ಯಾನು ಬಂತು. ಡ್ರೈವರ್ ಕಿಟಕಿಯಿಂದ ಕೈ ಚಾಚಿ, "ನೂರು ದಾಟ್ತದೆ ಅಕ್ಕ, ವಾಪಸ್ ಹೋಗಿ," ಎಂದು ಕೂಗಿದ. ಪರಶುರಾಮ ನಿಲ್ಲಿಸಲಿಲ್ಲ. ಅವನ ಕಾರಿನ ಬ್ರೇಕು ಪ್ರತಿ ತಿರುವಿನಲ್ಲೂ ಕಿರುಚುತ್ತಿತ್ತು. ಹಲೀಮಾ ಅಷ್ಟು ಸುಸ್ತಿನಲ್ಲೂ, "ನಿಂದು ಬ್ರೇಕ್ ಪ್ಯಾಡ್ ಹೋಗಿದೆ ಕಣಪ್ಪ, ಬದಲಿಸ್ಕೋ," ಅಂದಳು. "ಹೌದಕ್ಕ, ನಮ್ದೇ ಗಾಡಿಗೆ ಟೈಮ್ ಸಿಗಲ್ಲ," ಅಂದ ಅವನು. ಅವಳು ನಕ್ಕಳು. ಆ ಬ್ರೇಕಿನ ಮಾತೇ ಆ ದಾರಿಯಲ್ಲಿ ಅವಳಾಡಿದ ಕೊನೆಯ ಮಾತು.

ಹತ್ತನೆಯ ಕಲ್ಲು ದಾಟಿದ ಮೇಲೆ ಒಂದು ಹುಣಸೆಮರ ಕಣ್ಣಿಗೆ ಬಿತ್ತು. ಅರ್ಧ ಗಂಟೆ ಓಡಿದರೂ ಅದು ಅಷ್ಟೇ ದೂರದಲ್ಲಿತ್ತು. ಪರಶುರಾಮ ಮೊದಮೊದಲು ಮೀಟರ್ ನೋಡಿದ, ಆಮೇಲೆ ಮರ ನೋಡಿದ, ಆಮೇಲೆ ಎರಡನ್ನೂ ಬಿಟ್ಟು ರಸ್ತೆಯ ಗುಂಡಿಗಳನ್ನಷ್ಟೇ ನೋಡುತ್ತ ಓಡಿಸಿದ. ಅವನ ಅಂಗಿಯ ಬೆನ್ನು ನೆನೆದಿತ್ತು. ನಾನು ಹಿಂದೆ ಕೂತು ಹಲೀಮಾಳ ಪಾದಗಳನ್ನು ಮಡಿಲಿಗೆಳೆದುಕೊಂಡು ನೀವುತ್ತಿದ್ದೆ. ಒತ್ತಿದ ಕಡೆ ಬೆರಳಿನ ಗುಳಿ ಹಾಗೆಯೇ ಉಳಿಯುತ್ತಿತ್ತು. ಅವಳ ಉಸಿರು ಗಂಟಲ ಮೇಲೆ ಮೇಲೆಯೇ ಆಡುತ್ತಿತ್ತು. ಚೆನ್ನಾಗಿದ್ದ ಗಾಡಿ, ನಾನೇ ಕೈಯಾರೆ ಬಿಚ್ಚಿಸಿದೆ, ನಾನೇ ಬಿಚ್ಚಿಸಿದೆ ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ನಲವತ್ತು. ನರ್ಸು ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಡಲು ಹೊರಟಿದ್ದಳು. ಪರಶುರಾಮ ಹಲೀಮಾಳನ್ನು ಎತ್ತಿಕೊಂಡೇ ಒಳಗೆ ನುಗ್ಗಿದ. ನರ್ಸು ಬೈಯಲು ಬಾಯಿ ತೆರೆದವಳು, ಆ ಕಾಲು ನೋಡಿ, ಬೈಯದೆ ಸೂಜಿ ತೆಗೆದುಕೊಂಡಳು. ಡಾಕ್ಟರು ಬಂದು ಆಕ್ಸಿಜನ್ ಹಾಕಿಸಿದರು. ಇನ್ನೊಂದೆರಡು ತಾಸು ತಡವಾಗಿದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿತ್ತು ಎಂದರು. ನಾಲ್ಕು ತಾಸು ಮೆಷಿನ್ ತಿರುಗಿತು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವನು ಎರಡು ಟೀ ತಂದ.

"ಈ ದಾರಿ ವಾರಕ್ಕೆ ಎರಡು ಸಲ ಬರ್ತೀರಾ?" ಎಂದು ಕೇಳಿದ.

"ಐದು ವರ್ಷದಿಂದ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ನೀವು ನಲವತ್ತೈದು ಸಾವಿರ ಅಂದಾಗ ಸುಳ್ಳು ಹೇಳ್ತಿದ್ದೀರಿ ಅಂದ್ಕೊಂಡಿದ್ದೆ."

"ನೀನು ತೊಂಬತ್ತೇಳು ಅಂದಾಗ ನಾನೂ ಹಾಗೇ ಅಂದ್ಕೊಂಡೆ," ಅಂದೆ.

ಸಂಜೆಗೆ ಹಲೀಮಾಳ ಮುಖಕ್ಕೆ ಬಣ್ಣ ಬಂತು. ಆ ರಾತ್ರಿ ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಪರಶುರಾಮ ಪೇಟೆಯ ಅಂಗಡಿಗೆ ಹೋಗಿ ಬೆಲ್ಟನ್ನು ತಾನೇ ಕೈಯಲ್ಲಿ ಹಿಡಿದು ತಂದ. ಶನಿವಾರ ದಾರಿ ಇಪ್ಪತ್ತೆರಡಕ್ಕೆ ಇಳಿದಿತ್ತು. ಮೂವರೂ ಹೋಟೆಲಿನಲ್ಲಿ ಇಡ್ಲಿ ತಿಂದು ಊರಿಗೆ ಬಂದೆವು. ಭಾನುವಾರ ರಜೆಯಿದ್ದರೂ ಅವನು ಒಬ್ಬನೇ ಕೂತು ನನ್ನ ಗಾಡಿ ಕಟ್ಟಿದ.

ಹಳೆಯ ಬೆಲ್ಟನ್ನು ಕೇಳಿ ಇಸಿದುಕೊಂಡೆ. ಕಡಿದು ಬೀಳುವಂತಿರುತ್ತದೆ, ಹಲ್ಲುಗಳು ಉದುರಿರುತ್ತವೆ ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಕಪ್ಪಗೆ, ನೀಟಾಗಿ, ಎಲ್ಲ ಹಲ್ಲೂ ಜಾಗದಲ್ಲೇ ಇದ್ದವು. ಪರಶುರಾಮನೂ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಮೇಲೆ ಏನೂ ಕಾಣಲ್ಲ ಮೇಡಂ." ಮೈಕಲಪ್ಪನವರ ಬಳಿಗೆ ಒಯ್ದೆ. ಅವರು ಬೆರಳುಗಳ ನಡುವೆ ಇಡೀ ಬೆಲ್ಟನ್ನು ಜಪಮಣಿಯಂತೆ ಸರಿಸಿದರು, ಹಿಂದಕ್ಕೆ ಮಡಚಿದರು, ಮೂಸಿದರು.

"ಇನ್ನೂ ಒಂದು ವರ್ಷ ಓಡ್ತಿತ್ತೋ ಏನೋ. ನಾಳೆಯೇ ಹೋಗ್ತಿತ್ತೋ ಏನೋ."

"ಯಾವುದು ಅಂತ ಹೇಳಿ."

"ಗೊತ್ತಿಲ್ಲ ತಾಯಿ."

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅವರ ಮೇಲೂ ಕೋಪ ಬಂತು. ಗೊತ್ತಿಲ್ಲದ ಒಂದು ವಸ್ತುವಿಗಾಗಿ ಒಬ್ಬ ಹೆಂಗಸಿನ ಜೀವವನ್ನು ಹುಣಸೆಮರದ ತನಕ ಎಳೆದುಕೊಂಡು ಹೋಗಿದ್ದೆ.

ಮಂಗಳವಾರ ನನ್ನ ಬಿಳಿ ಕಾರಿನಲ್ಲೇ ಹೊರಟೆವು. ಹಲೀಮಾ ದಿಂಬಿಗೊರಗಿ ಯಾರದೋ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಬೆಲ್ಟು ಮುಂದಿನ ಸೀಟಿನ ಮೇಲಿತ್ತು. ಆರನೆಯ ಕಲ್ಲಿನ ತನಕ ತಡೆದುಕೊಂಡಿದ್ದು ಆಮೇಲೆ ಹೇಳಿದೆ.

"ಆ ಬೆಲ್ಟು ಚೆನ್ನಾಗೇ ಇತ್ತಂತೆ ಹಲೀಮಾ. ಬಹುಶಃ ಬೇಕಿರಲಿಲ್ಲ. ನನ್ನಿಂದ ನಿನಗೆ ಅಷ್ಟೆಲ್ಲ ಆಯ್ತು."

ಸೂಜಿ ನಿಂತಿತು. ನಾನು ಕನ್ನಡಿಯಲ್ಲಿ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ವಾರಕ್ಕೆ ಎರಡು ಸಲ ಆ ಮೆಷಿನ್ನಿಗೆ ಕೈ ಕೊಟ್ಟು ಮಲಗ್ತೀನಿ. ಒಂದು ವಾರ ಬಿಟ್ಟು ನೋಡೋಣ, ಬೇಕಿತ್ತೋ ಬೇಡವೋ ಗೊತ್ತಾಗುತ್ತೆ ಅಂತ ಯಾವತ್ತಾದ್ರೂ ಅಂದಿದ್ದೀನಾ ಅಕ್ಕ?"

ನಾನು ಕನ್ನಡಿಯಿಂದ ಕಣ್ಣು ತೆಗೆದೆ. ರಸ್ತೆ ನೋಡುತ್ತ ಓಡಿಸಿದೆ. ಏಳನೆಯ ಕಲ್ಲು ದಾಟಿದಾಗ ಅವಳು ಮುಂದಕ್ಕೆ ಬಾಗಿ ಸೀಟಿನ ಮೇಲಿದ್ದ ಬೆಲ್ಟನ್ನು ಎತ್ತಿಕೊಂಡಳು, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು.

"ಇದು ನನಗಿರ್ಲಿ. ಅಂಗಡಿ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ, ಚಿಲಕಕ್ಕೆ ಹಾಕಿಡ್ತೀನಿ," ಅಂದಳು.

ಅದೇ ಸಂಜೆ ಹಾಕಿದಳು. ಈಗ ಮೂರು ವರ್ಷವಾಯಿತು, ಬಾಗಿಲು ದಿನವೂ ಅದನ್ನು ಜಗ್ಗುತ್ತದೆ. ಇನ್ನೂ ಹರಿದಿಲ್ಲ. ನಾನು ಅಲ್ಲಿ ಹೋದಾಗಲೆಲ್ಲ ಒಂದು ಸಲ ಅದನ್ನು ಮುಟ್ಟಿ ನೋಡುತ್ತೇನೆ. ಹಾಗಿದ್ದರೂ ಆ ಮಂಗಳವಾರದಿಂದೀಚೆಗೆ ಹೊಸ ಬೆಲ್ಟು ಹಾಕಿಸಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.